ಚನ್ನೇಶನ ಮೀಸೆ ಮತ್ತು ಮೊದಲ ಬೇಸು

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಚನ್ನೇಶ ಪಣಕ್ಕಿಟ್ಟದ್ದು ಮೂಗನ್ನಲ್ಲ, ಮೀಸೆಯನ್ನು. ಹಿರೇಕೆರೂರು ಬೇಸ್‌ಬಾಲ್ ತಂಡಕ್ಕೆ ಅವನೇ ಪಿಚರ್. ಹೋದ ವರ್ಷ ಅವನು ದಾಂಡಿಗನತ್ತ ಚೆಂಡೆಸೆಯುವಷ್ಟರಲ್ಲಿ ಸವಣೂರಿನ ಫಯಾಜ ಮೊದಲ ಬೇಸಿನಿಂದ ಎರಡನೆಯದಕ್ಕೆ ಓಡಿಬಿಡುತ್ತಿದ್ದ. ಹೀಗೆ ಬೇಸು ಕದ್ದೂ ಕದ್ದೂ ಆಟ ಗೆದ್ದಿದ್ದ. ಈ ಸಲದ ಪಂದ್ಯದ ಬೆಳಿಗ್ಗೆ ಚಹಾದಂಗಡಿಯಲ್ಲಿ ನೆರೆಮನೆಯ ಬಸವಣ್ಣೆಪ್ಪ ಅದನ್ನೇ ಎತ್ತಿ ನಕ್ಕ.

"ಇವತ್ತ ಫಯಾಜ ಒಂದು ಬೇಸ್ ಕದ್ದರ, ಮೈದಾನದಾಗ ಮೀಸಿ ಬೋಳಿಸ್ಕೋತೇನಿ!" ಎಂದು ಚನ್ನೇಶ ಗ್ಲಾಸು ಕುಕ್ಕಿದ.

ಸುದ್ದಿ ಅವನಿಗಿಂತ ಮೊದಲೇ ಮೈದಾನ ಮುಟ್ಟಿತು. ಬಸವಣ್ಣೆಪ್ಪ ಕತ್ತರಿ ಹಿಡಿದೇ ಬಂದಿದ್ದ. ಚನ್ನೇಶನ ಅವ್ವ ಹೊನ್ನವ್ವ ಕಣ್ಣು ಮುಚ್ಚಿ ಏನೋ ಗೊಣಗುತ್ತ ಕೂತಿದ್ದಳು.

ಕೊನೆಯ ಸರದಿ, ಅಂಕ ಸಮ. ಮೊದಲ ಬೇಸಿನಲ್ಲಿ ಫಯಾಜ. ಗೋವಿನಜೋಳದ ರಾಶಿ ಕಾಯುವವನು ಆಡನ್ನು ನೋಡುವಂತೆ ಚನ್ನೇಶ ಎಡಭುಜದ ಮೇಲಿಂದ ಅವನನ್ನೇ ದಿಟ್ಟಿಸಿದ. ಫಯಾಜ ಬೇಸು ಬಿಟ್ಟು ಸರಿದದ್ದೇ ತಡ, ಚನ್ನೇಶ ಗರ್ರನೆ ತಿರುಗಿ ಮೊದಲ ಬೇಸಿಗೇ ಎಸೆದ. ಬೇಸಿನಾಚೆ ಇದ್ದಾಗ ಚೆಂಡು ಮುಟ್ಟಿಸಿದರೆ ಔಟು. ಫಯಾಜ ಮಣ್ಣಿಗೆ ಬಿದ್ದು ಬೇಸು ಹಿಡಿದ. ಮತ್ತೆ ಸರಿದ, ಮತ್ತೆ ಬಿದ್ದ.

"ದಾಂಡಿಗಗ ಯಾವಾಗ ಒಗಿತೀಯೋ? ಹೊತ್ತು ಮುಳುಗಾಕತ್ತೈತಿ!" ಬಸವಣ್ಣೆಪ್ಪ ಕೂಗಿದ.

"ಮುಳುಗ್ಲಿ! ನಾ ಇವನ್ನ ಬಿಡಂಗಿಲ್ಲ!"

ಫಯಾಜನೇನು ಕಡಿಮೆಯವನೇ? ತಮ್ಮ ತೋಟದ ವೀಳ್ಯದೆಲೆಯ ಪೊಟ್ಟಣ ಜೇಬಿನಿಂದ ತೆಗೆದು, ಮೊದಲ ಬೇಸು ಕಾಯುತ್ತಿದ್ದ ಹಿರೇಕೆರೂರಿನ ಉಳಿವೆಪ್ಪನತ್ತ ಚಾಚಿದ. "ತಗೋರಿ ಅಣ್ಣಾರ, ಭಾಳ ದಣದೀರಿ."

ಎಲೆ ಅಡಿಕೆ ಕೊಟ್ಟಾಗ ಒಲ್ಲೆ ಎನ್ನಬಾರದು. ಗ್ಲೌಸಿನ ಕೈಯಲ್ಲಿ ಇಸಿದುಕೊಂಡರಂತೂ ಕೊಟ್ಟವನಿಗೆ ಅವಮಾನ. ಉಳಿವೆಪ್ಪ ಗ್ಲೌಸನ್ನು ಬಗಲಿಗೆ ಸಿಕ್ಕಿಸಿ ಎರಡೂ ಕೈ ಒಡ್ಡಿದ. ಫಯಾಜ ಮೆಲ್ಲಗೆ ಬೇಸು ಬಿಟ್ಟ.

ಚನ್ನೇಶ ತಿರುಗಿ ಕೈ ಬೀಸಿದ. ನೋಡಿದರೆ ಉಳಿವೆಪ್ಪ ಬರಿಗೈಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದಾನೆ! ಎಸೆದರೆ ಅವನ ಹಲ್ಲು ಉಳಿಯುವುದಿಲ್ಲ. ಚೆಂಡು ಕೈಯಲ್ಲೇ ನಿಂತಿತು.

"ಒಗದಂಗ ಮಾಡಿ ಒಗೀಲಿಲ್ಲ. ಅದು ಪಿಚರ್ ತಪ್ಪು," ಎಂದರು ಅಂಪೈರ್ ಸವಿತಾ ಟೀಚರ್. "ಫಯಾಜ, ಎರಡನೇ ಬೇಸಿಗೆ ನಡಿ."

ಮುಂದಿನ ಹೊಡೆತಕ್ಕೆ ಫಯಾಜ ಸುತ್ತು ಮುಗಿಸಿ ಬಂದು ಅಂಕ ಗಳಿಸಿದ. ಹಿರೇಕೆರೂರು ಸೋತಿತು.

"ಮೀಸಿ! ಮೀಸಿ!" ಎಂದು ಜನ ಮುತ್ತಿದರು. ಬಸವಣ್ಣೆಪ್ಪ ಕತ್ತರಿ ಆಡಿಸಿದ.

ಚನ್ನೇಶ ಎದೆ ಸೆಟೆಸಿ ನಿಂತ. "ಯಾರು ಮುಟ್ಟತೀರಿ, ಬರ್ರಿ! ಅವ ಕದ್ದಿಲ್ಲ, ಟೀಚರ್ ಕೊಟ್ಟಾರ. ಕೊಟ್ಟದ್ದು ಕಳವು ಹೆಂಗ ಆಕ್ಕೈತಿ?"

ಸವಿತಾ ಟೀಚರ್ ತಲೆಯಾಡಿಸಿದರು. "ಖರೇ ಐತಿ. ಅದು ಕದ್ದಂಗಲ್ಲ."

ಜನ ಸಪ್ಪಗಾದರು. ಚನ್ನೇಶ ಎಲ್ಲರಿಗೂ ಕಾಣುವಂತೆ ಮೀಸೆ ತಿರುವಿದ. ಆಟ ಹೋದರೇನು, ಮಾನ ಉಳಿಯಿತು.

ಅಷ್ಟರಲ್ಲಿ ಹೊನ್ನವ್ವ ಓಡಿ ಬಂದಳು. "ಹಂಗಾರ ಇವತ್ತ ಫಯಾಜ ಕದೀಲೇ ಇಲ್ಲೇನ್ರಿ ಟೀಚರ?"

"ಒಂದೂ ಇಲ್ಲವ್ವ."

"ದುರ್ಗವ್ವ ನನ್ನ ಕೂಗು ಕೇಳಿದ್ಲು!" ಹೊನ್ನವ್ವನ ಕಣ್ಣಲ್ಲಿ ನೀರು. "ಅವ ಕದೀದಂಗ ನೋಡ್ಕೊಂಡ್ರ ನನ್ನ ಮಗನ ಮುಡಿ ಕೊಡ್ತೇನಂತ ಹರಕಿ ಹೊತ್ತಿದ್ನಿ. ತಲೀದೂ, ಮೀಸೀದೂ. ಬಸವಣ್ಣೆಪ್ಪ, ಆ ಕತ್ರಿ ಒಳಗ ಇಡಬ್ಯಾಡ!"