ಕೆಂಪು ಗೆರೆಯ ಅಡಿಯಲ್ಲಿ ವಾಸ

ಇಂದ,
ನಕ್ಷೆ ಬರೆಯುವ ಗುಮಾಸ್ತ, ಆರೋಗ್ಯ ಕಚೇರಿ
(ಹಾಲಿ ವಾಸ: ತಾನೇ ಎಳೆದ ಗೆರೆಯ ಅಡಿ)

ಗೆ,
ಆರೋಗ್ಯಾಧಿಕಾರಿಗಳು, ಅದೇ ಕಚೇರಿ

ವಿಷಯ: ಜ್ವರದ ನಿರ್ಬಂಧಿತ ವಲಯದ ಒಳಗೂ ಇಲ್ಲದ, ಹೊರಗೂ ಇಲ್ಲದ ಅರ್ಜಿದಾರನನ್ನು ಎಲ್ಲಾದರೂ ಒಂದು ಕಡೆ ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ೧) ಹಿಂದಿನ ವಾರ ಸೋಮವಾರದ ತಮ್ಮ ಮೌಖಿಕ ಆದೇಶ: "ದುಂಡಗೆ ಎಳೀರಿ."
೨) ಅದರ ಹಿಂದಿನ ದಿನ ದಾದಿಯವರು ಕೊಟ್ಟ ಮಾತು.

ಮಾನ್ಯರೇ,

ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಜ್ವರವು ಇಸ್ತ್ರಿಯವನ ಗಾಡಿ ಹೋಗುವ ಬೀದಿ ಹಿಡಿದು ಉದ್ದಕ್ಕೆ ಹಬ್ಬುತ್ತಿರುವ ಕಾರಣ ವಲಯವೂ ಉದ್ದಕ್ಕಿರಲಿ ಎಂದು ಅರ್ಜಿದಾರನು, ಮನೆ ಮನೆಗೆ ಚುಕ್ಕೆಯಿಟ್ಟು ತೋರಿಸಿದ್ದನು. ವಲಯ ಎಂದರೆ ದುಂಡಗಿರಬೇಕು ಎಂದಿರಿ. ಕೈವಾರ ಸಿಗದ ಕಾರಣ ತಮ್ಮ ಚಹಾ ಲೋಟವನ್ನೇ ನಕ್ಷೆಯ ಮೇಲೆ ಬೋರಲು ಹಾಕಿ, ಸಣ್ಣ ಪೆನ್ನು ಒಣಗಿದ್ದ ಕಾರಣ ರಟ್ಟಿನ ಪೆಟ್ಟಿಗೆಗೆ ವಿಳಾಸ ಬರೆಯುವ ದಪ್ಪ ಕೆಂಪು ಪೆನ್ನಿನಿಂದ ಗೆರೆ ಎಳೆಯಲಾಯಿತು. ತಾವು ಸಹಿ ಹಾಕಿದಿರಿ. ಜ್ವರ ಮಾತ್ರ ಈ ದುಂಡನ್ನು ಕ್ಯಾರೇ ಎನ್ನದೆ ತನ್ನ ಬೀದಿಯಲ್ಲೇ ಹೋಗುತ್ತಿದೆ.

೨. ಸದರಿ ಗೆರೆಯ ದಪ್ಪ ಮೂರು ಮಿಲಿಮೀಟರ್. ನಕ್ಷೆಯ ಅಳತೆಯಂತೆ ನೆಲದ ಮೇಲೆ ಅದು ಅರವತ್ತು ಅಡಿ. ಆ ಅರವತ್ತು ಅಡಿಯೊಳಗೆ ಒಂದು ಕ್ಷೌರದಂಗಡಿ, ಮುಚ್ಚಿದ ಗ್ಯಾರೇಜು ಮತ್ತು ಅರ್ಜಿದಾರನ ಮನೆ ಇವೆ.

೩. ಗೆರೆಯ ಎರಡೂ ಅಂಚಿಗೆ ಹಗ್ಗ ಕಟ್ಟಿ ಕಾವಲು ಹಾಕಲಾಗಿದೆ. ಒಳಗಿನವರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಆ ಕಡೆಯ ಕಾವಲಿನವನು ಬಿಡುವುದಿಲ್ಲ. ಹೊರಗಿನವರ ಪಟ್ಟಿಯಲ್ಲೂ ಇಲ್ಲವೆಂದು ಈ ಕಡೆಯವನು ಬಿಡುವುದಿಲ್ಲ. ಬೇರೆ ಗಿರಾಕಿ ಇಲ್ಲದ ಕಾರಣ ಕ್ಷೌರಿಕನು ಅರ್ಜಿದಾರನಿಗೆ ಒಂಬತ್ತು ದಿನದಲ್ಲಿ ನಾಲ್ಕು ಸಲ ಕ್ಷೌರ ಮಾಡಿದ್ದಾನೆ. ತಲೆಯಲ್ಲಿ ಇನ್ನು ಕೆಲಸ ಉಳಿದಿಲ್ಲ.

೪. ಅದೆಲ್ಲ ಇರಲಿ. ಆ ಭಾನುವಾರ ಜ್ವರ ನೋಡಲು ಬಂದಿದ್ದ ದಾದಿಯವರನ್ನು ಅರ್ಜಿದಾರನು, ಥರ್ಮಾಮೀಟರ್ ಬಾಯಲ್ಲಿರುವಾಗಲೇ, ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಬಿಟ್ಟನು. ಮಾತು ಅಸ್ಪಷ್ಟವಾಗಿತ್ತು, ಅವರಿಗೆ ಅರ್ಥವಾಯಿತು. "ನಾಳೆ ಬಂದಾಗ ಹೇಳ್ತೀನಿ" ಎಂದರು. ಮರುದಿನ ಗೆರೆ ಬಂತು. ದಾದಿಯವರು ವಲಯದೊಳಗೇ ತಂಗಿ, ಒಳಗಿನ ಮನೆಗಳನ್ನು ಮಾತ್ರ ನೋಡತಕ್ಕದ್ದು ಎಂದು ಆದೇಶವಾಯಿತು. ಆದ್ದರಿಂದ ಉತ್ತರ ಬಂದಿಲ್ಲ. ಆದ್ದರಿಂದ ಊಟ ರುಚಿಸುತ್ತಿಲ್ಲ, ಮೈ ಬಿಸಿ. ಜ್ವರವಲ್ಲ, ದಿನಕ್ಕೆ ಹತ್ತು ಸಲ ನೋಡಿಕೊಂಡಿದ್ದಾನೆ.

೫. ಇಷ್ಟು ಬರೆಯುವಾಗ ದಾದಿಯವರೇ ಒಳಗಡೆಯ ಹಗ್ಗದ ಬಳಿ ಬಂದು ನಿಂತ ಕಾರಣ ಬರವಣಿಗೆ ಐದು ನಿಮಿಷ ನಿಂತಿತು. ಕಾವಲಿನವರು, ಕ್ಷೌರಿಕ, ಅರ್ಜಿದಾರನ ತಾಯಿ, ಎಲ್ಲರಿಗೂ ಕೇಳುವಂತೆ ಅವರು ಹೇಳಿದ್ದು: "ಹೂಂ ಅನ್ನೋಕೆ ಒಂಬತ್ತು ದಿನದಿಂದ ಕಾಯ್ತಿದ್ದೀನಿ ಕಣ್ರೀ. ಗೆರೆ ಎಳೆಯೋರು ನೀವೇ ಅಲ್ವಾ? ನನ್ನನ್ನ ಎಲ್ಲಿಡ್ತೀರಿ, ನೀವೇ ನೋಡಿ."

ಇಲ್ಲಿಂದ ಮುಂದೆ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ಅರ್ಜಿದಾರನು ಹಗ್ಗದ ಬಳಿಯೇ ನಿಂತು ಬರೆಯುತ್ತಿದ್ದಾನೆ.

ಈ ಕಾರಣಗಳಿಂದ, ವಿಷಯದಲ್ಲಿ ಕೋರಿದ್ದನ್ನು ಹಿಂಪಡೆಯಲಾಗಿದೆ. ಅರ್ಜಿದಾರನನ್ನು ಎಲ್ಲಿಗೂ ಸೇರಿಸಿಕೊಳ್ಳಬಾರದು. ಬದಲಿಗೆ, ಹಗ್ಗದಾಚೆ ದಾದಿಯವರು ತಂಗಿರುವ ಮನೆಯೂ ಗೆರೆಯ ಅಡಿಗೆ ಬರುವಂತೆ ಅದನ್ನು ಇನ್ನೂ ಎರಡು ಮಿಲಿಮೀಟರ್ ದಪ್ಪ ಮಾಡಿ, ಕೆಲಸಕ್ಕೆ ಒಳಗೆ ಹೋಗಿಬರಲು ಅವರಿಗೊಂದು ಪಾಸ್ ಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಹತ್ತು ನಿಮಿಷದಿಂದ ಇನ್ನೊಬ್ಬರ ವಿಶ್ವಾಸಿಯೂ ಆದ
ಗುಮಾಸ್ತ

ಲಗತ್ತುಗಳು:
೧) ತಾಯಿಯವರ ಒಪ್ಪಿಗೆ ಪತ್ರ (ಕೇಳುವ ಮೊದಲೇ ಬರೆದುಕೊಟ್ಟದ್ದು).
೨) ತಿದ್ದಿದ ನಕ್ಷೆ. ಎರಡು ಮಿಲಿಮೀಟರ್ ಈಗಾಗಲೇ ಸೇರಿಸಲಾಗಿದೆ. ಶಾಯಿ ಆರುವ ಮೊದಲು ಸಹಿ ಹಾಕಬೇಕಾಗಿ ವಿನಂತಿ.