ಪಿಚ್ಚರ್ ಜೀಪಿನಲ್ಲಿ ದೂಧಗಂಗೆಯ ತವರಿಗೆ

ಮಗನಿಗೆ ಹೆಣ್ಣು ನೋಡಲು ಹೋದವರ ಮನೆಯಲ್ಲಿ ಒಂದೆರಡು ನಗೆಪಾಟಲಿನ ಕಥೆ ಇದ್ದೇ ಇರುತ್ತವೆ. ಹಳೇ ಗಾಡಿ ನೋಡಲು ಹೋದವರ ಮನೆಯಲ್ಲಿ ಅಂಥವು ಮುಗಿಯುವುದೇ ಇಲ್ಲ. ಎಂಬತ್ತರ ದಶಕದ ಕೊನೆಗೆ ನಾವು ಒಂದಿಡೀ ವರ್ಷ ಗಾಡಿ ನೋಡಿದವರು. ಅದೂ ಡಾಂಬರು ರಸ್ತೆಯ ಮೇಲೆ ಓಡುವ ಗಾಡಿಯಲ್ಲ, ರಸ್ತೆ ಮುಗಿದ ಮೇಲೆ ಓಡುವ ಗಾಡಿ. ಅಂಥದ್ದು ನಮ್ಮಂಥವರಿಗೆ ಯಾಕೆ ಬೇಕಾಯಿತು ಅಂತ ಇಂದಿಗೂ ಜನ ಕೇಳುತ್ತಾರೆ. ನಾನೂ ಇಂದಿಗೂ ಎದೆ ಉಬ್ಬಿಸಿಕೊಂಡೇ ಹೇಳುತ್ತೇನೆ.

ನೋಡೀಯೇನು?

ನಾನು ಚಿಕ್ಕೋಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ನಮ್ಮ ಮನೆಯವರು ಅಲ್ಲೇ ಕೋರ್ಟಿನಲ್ಲಿ ನೌಕರರು. ಮನೆಯಲ್ಲಿ ಮೂರನೆಯವರು ನಮ್ಮ ಅತ್ತೆ. ಸದಲಗಾದಲ್ಲಿ ಹುಟ್ಟಿ ದೂಧಗಂಗೆಯಲ್ಲಿ ಅರಿವೆ ಒಗೆದು ಬೆಳೆದವರು.

ಒಂದು ಸಂಜೆ ನಾನು ನಕಾಶೆ ಹರವಿಕೊಂಡು ಕೂತಿದ್ದೆ. ಅತ್ತೆ ಬಂದು ನೀಲಿ ಗೆರೆಯೊಂದರ ಮೇಲೆ ಬೆರಳಿಟ್ಟರು.

"ಇದು ಯಾವ ಹೊಳಿ?"

"ನಿಮ್ಮ ದೂಧಗಂಗಾನs ರೀ ಅತ್ತಿ. ಇಲ್ಲಿ ಸಹ್ಯಾದ್ರಿಯೊಳಗ ಹುಟ್ಟತೈತಿ."

"ನೀ ನೋಡೀಯೇನು?"

"ಇಲ್ರಿ."

"ನೋಡದs ಮಂದಿ ಮಕ್ಕಳಿಗೆ ಹೇಳತಿ?"

ಹತ್ತು ವರ್ಷ ಪಾಠ ಹೇಳಿದ ನನಗೆ ಆ ಮಾತು ಚುಚ್ಚಿತು. ನದಿ ಹುಟ್ಟುವ ಜಾಗಕ್ಕೆ ಬಸ್ಸಿಲ್ಲ, ರಸ್ತೆಯೂ ಇಲ್ಲ ಅಂತ ವಿಚಾರಿಸಿದ ಮೇಲೆ ತಿಳಿಯಿತು. ಹಾಗಾದರೆ ಗಾಡಿಯನ್ನೇ ಕೊಳ್ಳೋಣ, ಬೇಸಿಗೆ ರಜೆಯಲ್ಲಿ ನದಿ, ಘಟ್ಟ, ಕೋಟೆ ಎಲ್ಲವನ್ನೂ ಕಣ್ಣಾರೆ ನೋಡೋಣ ಎಂದೆ. ನನ್ನ ಹತ್ತಿರ ಇದ್ದದ್ದು ಹೆಣ್ಣುಮಕ್ಕಳ ಭಿಶಿ ಚೀಟಿಗೆ ತಿಂಗಳು ತಿಂಗಳು ಹಾಕಿ ಕೂಡಿಸಿದ ಹಣ. ಆ ದುಡ್ಡಿಗೆ ಹೊಸ ಜೀಪಿನ ನಾಲ್ಕು ಗಾಲಿ ಬರುತ್ತಿದ್ದವು, ನಡುವಿನ ಜೀಪು ಬರುತ್ತಿರಲಿಲ್ಲ.

ಮನೆಯವರು ಯಾವುದನ್ನೂ ಒಮ್ಮೆಲೇ ಒಪ್ಪುವವರಲ್ಲ. ಒಂದು ಹಾಳೆ ತೆಗೆದುಕೊಂಡು ಅರ್ಜಿಯ ಹಾಗೆ ಬರೆದರು: ಗಾಡಿ ಏರು ಏರಬೇಕು. ನೀರು ದಾಟಬೇಕು. ಕೆಟ್ಟರೆ ಯಾವ ಹಳ್ಳಿಯಲ್ಲಾದರೂ ರಿಪೇರಿ ಆಗಬೇಕು. ಅವ್ವನಿಗೆ ಕಾಲು ಚಾಚಲು ಜಾಗ ಇರಬೇಕು. ಕೆಳಗೆ ಸಹಿ ಮಾಡಿ ನನ್ನ ಮುಂದೆ ಹಿಡಿದರು.

ಅತ್ತೆ ಓದಿಸಿ ಕೇಳಿ ಅಂದರು, "ಇಷ್ಟೆಲ್ಲಾ ಗುಣ ನೋಡಿದ್ರ ನಾ ಇವನಪ್ಪನ್ನ ಲಗ್ನಾನs ಆಗತಿರಲಿಲ್ಲ."

ಇಳಿಯುವ ಗಾಡಿ

ಮೊದಲು ರಾಯಬಾಗಕ್ಕೆ ಹೋದೆವು. ಅಲ್ಲೊಬ್ಬ ವ್ಯಾಪಾರಿ ಒಂದು ಹಳೇ ಕಾರು ಮಾರುವುದಿದೆ ಎಂದಿದ್ದ. ಕಾರು ಮದುಮಗನ ಹಾಗೆ ಮಿಂಚುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಪ್ಲಾಸ್ಟಿಕ್ ಹೂವು, ಸೀಟಿಗೆ ಕಸೂತಿ ಹಾಕಿದ ಹೊದಿಕೆ. ಅದನ್ನು ಒಂದು ದಿಬ್ಬದ ನೆತ್ತಿಯ ಮೇಲೆ ನಿಲ್ಲಿಸಿದ್ದ.

ನಮ್ಮನ್ನು ಕೂರಿಸಿಕೊಂಡು ದಿಬ್ಬ ಇಳಿಸಿದ. ಕಾರು ಬೆಣ್ಣೆ ಜಾರಿದಂತೆ ಇಳಿಯಿತು. ಸದ್ದೇ ಇಲ್ಲ.

"ನೋಡ್ರಿ ಅಕ್ಕಾರ, ಇಂಜಿನ್ ಆವಾಜ ಏನರ ಬಂತೇನ್ರಿ?" ಅಂದ.

ಇಂಜಿನ್ ಶುರುವೇ ಆಗಿಲ್ಲ ಅಂತ ನನಗೆ ತಿಳಿದದ್ದು ಕೆಳಗೆ ಬಂದು ನಿಂತ ಮೇಲೆ. ಅತ್ತೆ ಹಿಂದಿನಿಂದ, "ತಮ್ಮಾ, ಈಗ ತಿರುಗಿ ಮ್ಯಾಲ ಹತ್ತಸು" ಅಂದರು.

ಅವನು ತಲೆ ಕೆರೆದುಕೊಂಡ. "ಹತ್ತೂದು ಒಂದೀಟು ತ್ರಾಸ ಐತ್ರಿ ಯವ್ವಾ. ಆದ್ರ ಇಳೀತೈತಿ ನೋಡ್ರಿ, ಇಂಥಾ ಇಳಿಯೂ ಗಾಡಿ ಈ ತಾಲೂಕಿನಾಗ ಇಲ್ಲ."

ಅತ್ತೆ ಬಾಗಿಲು ತೆರೆದು ಇಳಿದೇಬಿಟ್ಟರು. "ಇಳ್ಯಾಕ ಗಾಡಿ ಯಾಕಪಾ ಬೇಕು? ಕಲ್ಲೂ ಇಳೀತೈತಿ."

ಕೊಡದ ಪರೀಕ್ಷೆ

ಇನ್ನು ನಮ್ಮಿಂದಾಗದು ಎಂದು ನಿಪ್ಪಾಣಿಯ ಒಬ್ಬ ಮಿಸ್ತ್ರಿಯನ್ನು ಜೊತೆಗೆ ಹಿಡಿದೆವು. ಮೂವತ್ತು ವರ್ಷದಿಂದ ತಂಬಾಕಿನ ಲಾರಿಗಳನ್ನು ಬಿಚ್ಚಿ ಕಟ್ಟಿದವನು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಮೊದಲ ದಿನವೇ ನಮಗೆ ಪಾಠ ಹೇಳಿದ.

"ಬಾಯೀಸಾಹೇಬ್ರ, ರಂಗು ನೋಡಬ್ಯಾಡ್ರಿ, ಹೊಟ್ಟಿ ನೋಡ್ರಿ. ಗಾಡಿ ಹೊಟ್ಟಿ ನೆಲಕ್ಕ ಹತ್ರ ಇದ್ರ ಕಲ್ಲಿಗೆ ಬಡಿದು ಸಂಪಲ್ಲಾ! ಮುಗೀತು!"

"ಎಷ್ಟು ಎತ್ತರ ಇರಬೇಕು?" ಅಂತ ನಾನು ವಹಿ, ಪೆನ್ಸಿಲ್ಲು ತೆಗೆದೆ. ಮಿಸ್ತ್ರಿ ಇಂಚಿನ ಲೆಕ್ಕ ಹೇಳತೊಡಗಿದ. ಅತ್ತೆ ಪೂರಾ ಕೇಳಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿದ್ದ ಸಣ್ಣ ತಾಮ್ರದ ಕೊಡ ಎತ್ತಿಕೊಂಡು ಬಂದರು.

"ಹೊಳಿಯಾಗಿನ ಕಲ್ಲು ನಾ ಕಂಡೀನಿ. ಈ ಕೊಡದಷ್ಟು ಇರತಾವು. ಇದು ಹೋದ್ರ ಗಾಡಿ ಹೋಗತೈತಿ."

ಅಂದಿನಿಂದ ಎಲ್ಲಿ ಗಾಡಿ ನೋಡಿದರೂ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ಕೊಡವನ್ನು ಗಾಡಿಯ ಕೆಳಗೆ ಈ ಕಡೆಯಿಂದ ನೂಕುವರು, ಆ ಕಡೆಯಿಂದ ಮಿಸ್ತ್ರಿ ಹಿಡಿಯುವನು. ಕೊಡ ಸಿಕ್ಕಿಬಿದ್ದರೆ, "ನಕೋ, ಬ್ಯಾಡ!" ಎಂದು ಅವನೇ ಕೂಗುವನು. ಏಳು ಗಾಡಿ ನಪಾಸಾದವು.

ಎಷ್ಟೋ ದಿನಗಳ ಮೇಲೆ ನಾನು ಆ ಗ್ಯಾರೇಜಿಗೆ ಹೋದಾಗ ಒಬ್ಬ ಹೊಲದೊಡೆಯ ಹಳೇ ಗಾಡಿಯ ವಿಚಾರ ಕೇಳುತ್ತ ನಿಂತಿದ್ದ. ಮಿಸ್ತ್ರಿ ಗಂಭೀರವಾಗಿ ಹೇಳುತ್ತಿದ್ದ, "ಅದೆಲ್ಲಾ ಆಮ್ಯಾಲ ರೀ. ಮೊದಲು ಮನಿಗಿ ಹೋಗಿ ಕೊಡ ತಗೊಂಡು ಬರ್ರಿ."

ಯಾವ ಪಿಚ್ಚರ್?

ಕೊಡದ ಪರೀಕ್ಷೆಯಲ್ಲಿ ಪಾಸಾದ ಗಾಡಿ ಸಿಕ್ಕಿದ್ದು ಅಥಣಿಯಲ್ಲಿ. ಅದೊಂದು ಜೀಪು. ಹಳ್ಳಿ ಹಳ್ಳಿ ತಿರುಗಿ ಸಿನೆಮಾ ಜಾಹೀರಾತು ಸಾರುತ್ತಿದ್ದ ಜೀಪು. ನೆತ್ತಿಯ ಮೇಲೆ ಧ್ವನಿವರ್ಧಕದ ದೊಡ್ಡ ಭೋಂಗಾ, ಒಳಗೆ ಮೈಕು. ಒಂದು ಬದಿಯ ಬಾಗಿಲಿಗೆ ಹಗ್ಗ. ಮಿಸ್ತ್ರಿ ಬಾನೆಟ್ಟಿಗೆ ಕಿವಿ ಹಚ್ಚಿ ಕೇಳಿ ಅಂದ, "ಇಂಜಿನ್ ತರುಣ ಐತಿ ಬಾಯಿ. ಬಾಡಿ ಅಷ್ಟ ಆಜಿ, ಮುದುಕಿ ಆಗೇತಿ."

ನಾಲ್ಕೂ ಗಾಲಿಗೆ ಜೋರು ಕೊಡುವ ಸಣ್ಣ ಗೇರು ಕೆಲಸ ಮಾಡುತ್ತದೆಯೇ ಅಂತ ನೋಡದೆ ನಾನು ಒಪ್ಪುವವಳಲ್ಲ. "ನೀರು ಬಿಟ್ಟ ಎರಿ ಹೊಲದಾಗ ಇಳಸಿ ತೋರಸ್ರಿ" ಎಂದೆ. ಕಪ್ಪು ಮಣ್ಣಿನ ಗುಣ ಭೂಗೋಳದವಳಿಗೆ ಗೊತ್ತಿಲ್ಲದೇ ಇನ್ಯಾರಿಗೆ ಗೊತ್ತಿರಬೇಕು? ಮಾಲಕ ನನ್ನ ಮುಖ ನೋಡಿದ. ಕೊನೆಗೆ ಐಗಳಿಯಲ್ಲಿದ್ದ ತನ್ನ ಹೊಲಕ್ಕೆ ಕರೆದೊಯ್ದ.

ಜೀಪು ಐಗಳಿ ಹೊಕ್ಕಿದ್ದೇ ತಡ, ಕಟ್ಟೆಯ ಮೇಲಿದ್ದವರು, ಹಿಟ್ಟಿನ ಗಿರಣಿಯಲ್ಲಿದ್ದವರು, ಕೈಯಲ್ಲಿ ರೊಟ್ಟಿ ಹಿಡಿದವರು ಎಲ್ಲ ಓಡಿಬಂದು ಸುತ್ತುವರಿದರು. ಒಬ್ಬ ಮುದುಕ ಅತ್ತೆಯ ಕಡೆ ಬಗ್ಗಿ ಕೇಳಿದ.

"ಯಾವ ಪಿಚ್ಚರ್ ಬಂದೈತಿ ಯವ್ವಾ?"

ಅತ್ತೆ ಒಮ್ಮೆ ನನ್ನನ್ನು ನೋಡಿ ಅಂದರು, "ಅತ್ತಿ ಸೊಸೀದು."

"ಫೈಟಿಂಗ್ ಐತೇನು?"

"ಇನ್ನೂ ಶುರು ಆಗಿಲ್ಲ."

ಹೊಲದಲ್ಲಿ ಜೀಪು ಕಿಬ್ಬದಿಯವರೆಗೆ ಹೂತುಹೋಯಿತು. ಒಮ್ಮೆ ಗುಟುರು ಹಾಕಿತು, ಎಮ್ಮೆ ಕೆಸರಿನಿಂದ ಏಳುವ ಹಾಗೆ ಸಾವಕಾಶ ಎದ್ದು ದಂಡೆಗೆ ಬಂತು. ಊರವರೆಲ್ಲ ಚಪ್ಪಾಳೆ ಹೊಡೆದರು. ಅಲ್ಲೇ ಮುಂಗಡ ಕೊಟ್ಟೆವು. ಭೋಂಗಾ ಬಿಚ್ಚಿಸೋಣ ಅಂದರೆ ಮಿಸ್ತ್ರಿ ಬೇಡವೆಂದ. ಅದನ್ನು ತೆಗೆದರೆ ನೆತ್ತಿಯ ತೂತಿನಿಂದ ಮಳೆ ಒಳಗೆ ಬರುತ್ತಿತ್ತು.

ನಾ ಸಾಕ್ಷಿ

ಗಾಡಿಯೇನೋ ಬಂತು, ನಡೆಸುವವರು ಯಾರು? ಮನೆಯವರು ಸ್ಟೇರಿಂಗ್ ಮುಟ್ಟಿ, "ಇದು ಬಾಳ ಬಿಸಿ ಐತಿ" ಎಂದು ಕೈ ತೆಗೆದರು. ನಾನೇ ಕಲಿಯುವುದೆಂದಾಯಿತು. ನನ್ನ ತವರು ಕಾಗವಾಡ. ಅಲ್ಲಿ ಅಣ್ಣನ ದ್ರಾಕ್ಷಿ ತೋಟದ ದಾರಿಯಲ್ಲಿ ಕಲಿತೆ. ಮುಂದಕ್ಕೆ ಚೆನ್ನಾಗಿಯೇ ಹೋಗುತ್ತಿದ್ದೆ. ಹಿಂದಕ್ಕೆ ಹೋಗುವುದನ್ನು ಕಲಿತ ದಿನ ದ್ರಾಕ್ಷಿ ಹಂದರದ ಮೂರು ಕಂಬ ಕೆಡವಿದೆ. ಅಣ್ಣ ಓಡಿಬಂದ. "ತಂಗೀ, ಹಣ್ಣಿನ ಕಟಾವು ಮುಗದೈತಿ, ಕಂಬದ ಕಟಾವು ನಾವು ಮಾಡೂದಿಲ್ಲ!"

ಒಂದು ತಿಂಗಳಲ್ಲಿ ಕಂಬ ಬೀಳುವುದು ನಿಂತಿತು. ಲೈಸೆನ್ಸಿನ ಪರೀಕ್ಷೆಗೆ ಹೋದೆವು. ಸಾಹೇಬರು ಜೀಪು ನೋಡಿದರು, ಮನೆಯವರನ್ನು ನೋಡಿದರು.

"ಹತ್ರಿ ಯಜಮಾನ್ರ, ಚಾಲೂ ಮಾಡ್ರಿ."

ಮನೆಯವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಸೀರೆಯ ನಿರಿಗೆ ಎತ್ತಿ ಕಟ್ಟಿ ಹತ್ತಿ ಕೂತೆ. ಏರಿನಲ್ಲಿ ನಿಲ್ಲಿಸಿ, ಒಂದು ಗೇಣೂ ಹಿಂದೆ ಜಾರದಂತೆ ಹತ್ತಿಸಿ ತೋರಿಸಿದೆ. ಸಾಹೇಬರು ಇಳಿದು ಬೆವರು ಒರೆಸಿಕೊಂಡು ಮನೆಯವರಿಗೆ ಕೇಳಿದರು, "ಮತ್ತ ನೀವು ಯಾಕ ಬಂದೀರಿ?"

"ನಾ ಸಾಕ್ಷಿರಿ."

ಹಾಜರಾಗಬೇಕೂ!

ಆ ಬೇಸಿಗೆ ರಜೆಯಲ್ಲಿ ಹೊರಟೇಬಿಟ್ಟೆವು. ನಿಪ್ಪಾಣಿ ದಾಟಿ, ಗಡಿ ದಾಟಿ, ಸಹ್ಯಾದ್ರಿಯ ಬುಡ ಮುಟ್ಟಿದೆವು. ಮುಂದೆ ಡಾಂಬರು ಮುಗಿದು ಗಾಡಿ ಜಾಡು, ಜಾಡೂ ಮುಗಿದು ಬರೀ ಕಲ್ಲು. ಮುಂದಿನ ಸೀಟಿನಲ್ಲಿ ಅತ್ತೆ ಬಿಳಿ ಸೀರೆ ಉಟ್ಟು ಕಾಲು ಚಾಚಿ ಕೂತಿದ್ದರು. ಹಿಂದೆ ಮನೆಯವರು ರೊಟ್ಟಿಯ ಗಂಟು ಅಪ್ಪಿಕೊಂಡಿದ್ದರು. ಎರಡು ತಾಸು ನಾನು ಒಂದೊಂದೇ ಕಲ್ಲು ಲೆಕ್ಕ ಹಾಕಿ ದಾಟಿಸಿದೆ. ಆಮೇಲೆ ಒಂದು ಹಳ್ಳದಲ್ಲಿ ಹಿಂದಿನ ಗಾಲಿ ಎರಡು ಬಂಡೆಗಳ ನಡುವೆ ಸಿಕ್ಕಿಬಿತ್ತು. ಸುತ್ತ ಕಾಡು. ಮನುಷ್ಯರ ಸುಳಿವಿಲ್ಲ.

"ಮೈಕಿನಾಗ ಕರೀರಿ" ಎಂದೆ ಮನೆಯವರಿಗೆ.

ಅವರ ಕೋರ್ಟಿನ ಕೆಲಸವೇ ಅದು: ಬಾಗಿಲಲ್ಲಿ ನಿಂತು ಪಕ್ಷಗಾರರನ್ನು, ಸಾಕ್ಷಿದಾರರನ್ನು ಮೂರು ಸಲ ಕೂಗಿ ಕರೆಯುವುದು. ಮನೆಯಲ್ಲಿ ಅವರ ದನಿ ಅಡುಗೆಮನೆ ದಾಟುವುದಿಲ್ಲ. ಕೋರ್ಟಿನಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ. ಮೈಕು ಕೈಗೆ ಬಂದದ್ದೇ ರೂಢಿಯ ರಾಗ ತಾನಾಗಿ ಹೊರಟಿತು.

"ಯಾರಿದ್ದೀರಿ, ಚಿಕ್ಕೋಡಿ ಕೋರ್ಟಿನವರು ಕರಿಯಾಕತ್ತಾರ, ಹಾಜರಾಗಬೇಕೂ! ಹಾಜರಾಗಬೇಕೂ! ಹಾಜರಾಗಬೇಕೂ!"

ಗುಡ್ಡವೆಲ್ಲ ಗುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಪೊದೆಯ ಹಿಂದಿನಿಂದ ಒಬ್ಬ ಮನುಷ್ಯ ಕೈ ಜೋಡಿಸಿಕೊಂಡು ಬಂದ. ಬಂದವನೇ ಅಪ್ಪಟ ಕನ್ನಡದಲ್ಲಿ, "ತಪ್ಪಾತ್ರಿ ಸಾಹೇಬ್ರ, ಬಂದೆ" ಅಂದ.

ಮನೆಯವರು ದಿಟ್ಟಿಸಿ ನೋಡಿ ಗುರುತು ಹಿಡಿದರು. ಒಂದು ಎಮ್ಮೆ ಜಗಳದ ಕೇಸಿನ ಸಾಕ್ಷಿದಾರ. ಮೊದಲ ತಾರೀಖಿಗೆ ಒಮ್ಮೆ ಮುಖ ತೋರಿಸಿ ಮಾಯವಾದವನು. ಆರು ತಿಂಗಳಿಂದ ಇವರು ಅವನ ಹೆಸರು ಕೂಗಿ ಕೂಗಿ ಸೋತಿದ್ದರು.

"ಇಲ್ಲೇನು ಮಾಡಾಕತ್ತೀಯೋ?"

"ಅಕಡೀನೂ ನಮ್ಮ ಬೀಗರು, ಇಕಡೀನೂ ಬೀಗರು. ಯಾರ ಮ್ಯಾಲ ಸಾಕ್ಷಿ ಹೇಳಲಿ? ಅದಕ್ಕ ತಂಗಿ ಊರಿಗೆ ಬಂದು ಕುಂತೇನ್ರಿ." ಆಮೇಲೆ ಮುಂದಿನ ಸೀಟಿನ ಕಡೆ ಹೆದರುತ್ತ ನೋಡಿ ಪಿಸುಗುಟ್ಟಿದ, "ಇವರು ಯಾರ್ರಿ? ಜಡ್ಜ್ ಸಾಹೇಬರ ತಾಯಾರೇನು?"

ಮನೆಯವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗತ್ತಿನಿಂದ ಅಂದರು, "ಹೌದು. ನೂಕು."

ಅವನು ತಂಗಿಯ ಊರಿನಿಂದ ನಾಲ್ಕು ಜನರನ್ನು ಕರೆತಂದು ನೂಕಿದ, ನಾನು ಗೇರು ಹಾಕಿದೆ, ಜೀಪು ಹಾರಿ ದಂಡೆ ಹತ್ತಿತು. ನದಿ ಹುಟ್ಟುವ ಜಾಗವನ್ನೂ ಅವನೇ ತೋರಿಸಿದ. ಬಂಡೆಯ ಸಂದಿಯಿಂದ ಬೆರಳಿನಷ್ಟು ದಪ್ಪ ನೀರು ಬರುತ್ತಿತ್ತು. ಅತ್ತೆ ಅದರ ಮುಂದೆ ಕೂತು ಬೊಗಸೆ ಒಡ್ಡಿದರು. ಆಮೇಲೆ ನನ್ನ ಕೆನ್ನೆಗೆ ತಣ್ಣನೆಯ ಒದ್ದೆ ಕೈ ಹಚ್ಚಿದರು. ಭಾಷಣ, ಸನ್ಮಾನ ಎಲ್ಲ ಕಂಡಿದ್ದೇನೆ. ಅದರ ಸಮ ಯಾವುದೂ ಇಲ್ಲ.

ಮುಂದಿನ ತಾರೀಖಿಗೆ ಆ ಮನುಷ್ಯ ಕೋರ್ಟಿಗೆ ತಾನಾಗಿ ಬಂದ. ನ್ಯಾಯಾಧೀಶರು ಸಿಟ್ಟಿನಿಂದ, "ಆರು ತಿಂಗಳು ಕರೆದರೂ ಬರಲಿಲ್ಲ, ಈಗ ಹೇಗೆ ಬಂದೆ?" ಎಂದು ಕೇಳಿದರಂತೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ಮೆಲ್ಲಗೆ ಬಾಗಿಲ ಮರೆಗೆ ಸರಿದರು.

ಅವನು ಕೈ ಮುಗಿದು ಹೇಳಿದನಂತೆ, "ಅವಾಗ ಬರೇ ಕಾಗದ ಕಳಿಸಿದ್ರಿ ಸಾಹೇಬ್ರ. ಈ ಸಲ ಜೀಪು ಕಳಿಸಿದ್ರಿ, ಮೈಕು ಕಳಿಸಿದ್ರಿ, ನಿಮ್ಮ ತಾಯಾರನ್ನs ಕಳಿಸಿದ್ರಿ. ಬರದs ಏನ್ ಮಾಡ್ಲಿರಿ?"