ಸ್ತ್ರೀಲಿಂಗಗಳೆಲ್ಲ ಗಾಡಿ ಹತ್ತಿದ ದಿನ

"ನೋಡ್ತಾ ಇರು. ಮೂರೇ ತಿಂಗಳು. ಜರ್ಮನ್ ಭಾಷೆ ನನ್ನ ಮುಂದೆ ಕೈಕಟ್ಟಿ ನಿಂತಿರುತ್ತೆ" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕುಳಿತಿದ್ದಳು. ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, "ನಿಲ್ಲಲಿ ಬಿಡಿ. ಬೆಳಕಿಗೆ ಅಡ್ಡ ನಿಲ್ಲಬೇಡ ಅಂತ ಮಾತ್ರ ಹೇಳಿ. ನಿಮಗೂ ಸೇರಿಸೇ ಹೇಳ್ತಿದ್ದೀನಿ" ಎಂದಳು.

ನಾನು ಕೆಲಸ ಮಾಡುವ ಪ್ರೆಸ್ಸಿಗೆ ಜರ್ಮನಿಯಿಂದ ಹೊಸ ಮುದ್ರಣಯಂತ್ರ ಬರುವುದಿತ್ತು. ಅದರ ಜೊತೆ ಬರುವ ಎಂಜಿನಿಯರನ ಮಾತು ಯಾರಿಗೆ ಅರ್ಥವಾಗುತ್ತದೋ ಅವನೇ ಆ ಯಂತ್ರದ ಮೇಲ್ವಿಚಾರಕ ಎಂದು ಮಾಲೀಕರು ಹೇಳಿದ್ದೇ ತಡ, ನಾನು ಸಂಜೆ ತರಗತಿಗೆ ಹೆಸರು ಹಚ್ಚಿಬಿಟ್ಟಿದ್ದೆ. ಮೊದಲ ಕೆಲವು ದಿನ ನಮಸ್ಕಾರ, ಹೇಗಿದ್ದೀರಿ, ಚೆನ್ನಾಗಿದ್ದೇನೆ ಎಂಬಲ್ಲಿಗೆ ಸುಖವಾಗಿ ಕಳೆದವು. ಆಮೇಲೆ ಲಿಂಗ ಬಂತು.

ನಮ್ಮ ಭಾಷೆ ಎಂಥ ಕರುಣಾಮಯಿ ಎಂದು ಗೊತ್ತಾದದ್ದೇ ಆಗ. ನಮ್ಮಲ್ಲಿ ಮೇಜಾಗಲಿ, ದೀಪವಾಗಲಿ, ಮಂಚವಾಗಲಿ ಎಲ್ಲವೂ 'ಅದು'. ಅದು ಬಂತು, ಅದು ಮುರಿಯಿತು, ಅದನ್ನು ಎಸೆದೆವು. ಜರ್ಮನ್ನರಲ್ಲಿ ಮೇಜು ಗಂಡಸು, ದೀಪ ಹೆಂಗಸು, ಮಂಚ ಎರಡೂ ಅಲ್ಲ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ನಮ್ಮ ಜರ್ಮನ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ಯಾಕೆ ಅಂತ ಕೇಳೋರು ಗಣಿತಕ್ಕೆ ಹೋಗಬೇಕು. ಇಲ್ಲಿ ಬಾಯಿಪಾಠ" ಎಂದರು. ಅವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರು ತಿದ್ದಿಕೊಟ್ಟ ನನ್ನ ಹಾಳೆಗಳನ್ನು ನೋಡಿದರೆ ಯಾರಿಗೋ ಅಪಘಾತವಾಗಿದೆ ಎನ್ನಿಸುತ್ತಿತ್ತು. "ನಿಮಗಿಂತ ಹಟಮಾರಿ ವಿದ್ಯಾರ್ಥೀನ ನಾನು ನೋಡಿದ್ದೀನಿ, ಆದರೆ ಇಷ್ಟು ಮರೆವಿನವರನ್ನ ನೋಡಿಲ್ಲ" ಎಂದು ಎಲ್ಲರೆದುರು ಒಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದರು.

ಇದೇ ಸಮಯಕ್ಕೆ ನಾವು ಮನೆ ಬದಲಾಯಿಸುತ್ತಿದ್ದೆವು. ಹೊಸ ಬಾಡಿಗೆಮನೆ ಪಕ್ಕದ ಬೀದಿಯಲ್ಲೇ. ಹೆಂಡತಿ ಅಲ್ಲಿ ಗುಡಿಸಿ ಸಾರಿಸುವ ಗಡಿಬಿಡಿಯಲ್ಲಿದ್ದಳು. ಒಂದು ದಿನ ಅಲ್ಲಿಗೆ ಹೋಗುವ ಮುಂಚೆ ಅಂಟುವ ಬಣ್ಣದ ಚೀಟಿಗಳ ಕಟ್ಟೊಂದನ್ನು ತಂದು, ಮಾರಬೇಕಾದ ಮುರುಕು ಸಾಮಾನಿಗೆಲ್ಲ ಕೆಂಪು ಚೀಟಿ ಹಚ್ಚಿ, "ರೀ, ಕೆಂಪು ಚೀಟಿ ಇರೋದನ್ನೆಲ್ಲ ಹಳೇ ಸಾಮಾನಿನವನು ಬಂದು ಒಯ್ತಾನೆ, ಅವನಿಗೆ ಹೇಳಿದ್ದೀನಿ. ಕೇಳಿಸ್ತಾ?" ಎಂದಳಂತೆ. ನಾನು "ಹೂಂ" ಎಂದೆನಂತೆ. ಜರ್ಮನ್ ಬಾಯಿಪಾಠ ಮಾಡುವಾಗ ನಾನು ಎಲ್ಲದಕ್ಕೂ ಹೂಂ ಎನ್ನುತ್ತೇನೆ. ಇದು ಗೊತ್ತಿದ್ದೂ ಹೇಳಿದ್ದು ಅವಳ ತಪ್ಪು ಎಂದು ನಾನು ವಾದಿಸಬಹುದಿತ್ತು. ವಾದಿಸುವ ಸ್ಥಿತಿಯಲ್ಲಿ ಆಮೇಲೆ ನಾನಿರಲಿಲ್ಲ.

ಅವಳು ಅತ್ತ ಹೋಗಿದ್ದೇ ನನ್ನ ಕಣ್ಣಿಗೆ ಆ ಚೀಟಿಗಳ ಕಟ್ಟು ಬಿತ್ತು. ನೀಲಿ, ಕೆಂಪು, ಹಳದಿ. ಮೂರು ಬಣ್ಣ, ಮೂರು ಲಿಂಗ! ಮಹಾ ಯೋಜನೆಯೊಂದು ತಲೆಯಲ್ಲಿ ಮಿಂಚಿತು. ಗಂಡಸಿಗೆ ನೀಲಿ, ಹೆಂಗಸಿಗೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಳದಿ. ಮನೆಯೆಲ್ಲ ಅಂಟಿಸಿಬಿಟ್ಟರೆ ಕೂತಲ್ಲಿ ನಿಂತಲ್ಲಿ ಪಾಠ. ಪುಸ್ತಕ ತೆರೆದಿಟ್ಟುಕೊಂಡು ಶುರುಮಾಡಿದೆ. ಮೇಜಿಗೆ ನೀಲಿ, ದೀಪಕ್ಕೆ ಕೆಂಪು. ಗಡಿಯಾರ, ಕೈಚೀಲ, ಬಾಣಲೆ, ಬಚ್ಚಲಮನೆಯ ಬಾಗಿಲು, ಹೊಲಿಗೆ ಮಿಷನ್ನು ಎಲ್ಲಕ್ಕೂ ಕೆಂಪು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ನಮ್ಮ ಅತ್ತೆಯ ಶಾಲಿಗೂ ಒಂದು ಕೆಂಪು ಚೀಟಿ ಅಂಟಿಸಿದೆ. ಅತ್ತೆ ಯಾವ ಭಾಷೆಯಲ್ಲೂ ಸ್ತ್ರೀಲಿಂಗವೇ.

ಮುರುಕು ಕಪಾಟಿನ ಮೇಲೆ, ಹಳೇ ಕಬ್ಬಿಣದ ಮಂಚದ ಮೇಲೆ ಮೊದಲೇ ಕೆಂಪು ಚೀಟಿ ಇದ್ದದ್ದು ಕಂಡು ನನ್ನ ಮನಸ್ಸು ಕರಗಿತು. ಪಾಪ, ಇಷ್ಟು ಕೆಲಸದ ನಡುವೆಯೂ ನನ್ನ ಓದಿಗೆ ನೆರವಾಗಲು ನೋಡಿದ್ದಾಳೆ! ಆದರೆ ಎರಡೂ ತಪ್ಪು. ಕೆಂಪು ಕಿತ್ತು, ಕಪಾಟಿಗೆ ನೀಲಿ, ಮಂಚಕ್ಕೆ ಹಳದಿ ಹಚ್ಚಿ, ಹೆಂಡತಿಯ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿ ಸಂಜೆಯ ತರಗತಿಗೆ ಹೊರಟೆ. ಅಲ್ಲಿ ನೋಡಿದರೆ ಮೇಡಂ ಅಂದು ರಜೆ ಹಾಕಿದ್ದರು. ಬೀದಿ ಸುತ್ತಿಕೊಂಡು ನಿಧಾನವಾಗಿ ಮನೆಗೆ ಬಂದೆ.

ಮನೆ ಬಿಕೋ ಎನ್ನುತ್ತಿತ್ತು. ಮುರುಕು ಕಪಾಟು ಇದ್ದಲ್ಲೇ ಇತ್ತು. ಕಬ್ಬಿಣದ ಮಂಚ ಇದ್ದಲ್ಲೇ ಇತ್ತು. ಬಚ್ಚಲಮನೆಗೆ ಬಾಗಿಲು ಇರಲಿಲ್ಲ.

"ಅತ್ತೆ, ಬಾಗಿಲೆಲ್ಲಿ?"

"ಇಬ್ಬರು ಬಂದು ಬಿಚ್ಚಿಕೊಂಡು ಹೋದ್ರು ಅಳಿಯಂದ್ರೇ. ಬಾಗಿಲು ಯಾಕ್ರಪ್ಪಾ ಅಂದೆ. ಚೀಟಿ ಇದೆ ಅಂದ್ರು. ಆಮೇಲೆ ನನ್ನ ಸುತ್ತ ಒಂದು ಸಲ ತಿರುಗಿ ನೋಡಿ, ಅಜ್ಜಿನೂ ಲೆಕ್ಕಕ್ಕೆ ಸೇರಿದ್ದಾರಾ ಅಂತ ಒಬ್ಬ ಕೇಳಿದ. ಇನ್ನೊಬ್ಬ, ಬೇಡ, ಗಾಡೀಲಿ ಜಾಗ ಇಲ್ಲ ಅಂದ." ಅತ್ತೆಗೆ ಬೇಸರವಾದದ್ದು ಕೊನೆಯ ಮಾತಿಗೆ ಎಂದು ಕಾಣುತ್ತದೆ.

ನಾನು ಕೋಣೆಗೆ ಓಡಿದೆ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಇದ್ದ ಜಾಗದಲ್ಲಿ ಒಂದಿಷ್ಟು ದಾರದ ತುಂಡುಗಳು ಬಿದ್ದಿದ್ದವು. ಆ ಮಿಷನ್ನು ಅವಳಿಗೆ ಅವಳ ಚಿಕ್ಕಮ್ಮ ಕೊಟ್ಟದ್ದು. ಪ್ರೆಸ್ಸು ಬೀಗ ಹಾಕಿಕೊಂಡಿದ್ದ ಆ ವರ್ಷ ನಮ್ಮ ಒಲೆ ಹೊತ್ತಿದ್ದೇ ಅದರ ಚಕ್ರ ತಿರುಗಿದ್ದರಿಂದ. ಪಕ್ಕದಲ್ಲೇ ಶಾಲೆಯ ನಾಟಕಕ್ಕೆಂದು ಕತ್ತರಿಸಿಟ್ಟ ಕುರಿವೇಷಗಳ ರಾಶಿ ಇತ್ತು. ಮರುದಿನ ಸಂಜೆಗೆ ಅಷ್ಟನ್ನೂ ಹೊಲಿದು ಕೊಡಬೇಕು.

ಅಷ್ಟರಲ್ಲಿ ಹೆಂಡತಿ ಬಂದಳು. ಖಾಲಿ ಜಾಗವನ್ನು ನೋಡಿದಳು, ಮೇಜಿನ ಮೇಲೆ ನಾನು ಬಿಟ್ಟುಹೋಗಿದ್ದ ಚೀಟಿ ಕಟ್ಟನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ, "ನಡೀರಿ" ಎಂದಷ್ಟೇ ಹೇಳಿದಳು. ಮದುವೆಯಾದಾಗಿನಿಂದ ಅವಳ ಮಾತಿಗೆ ಹೆದರಿದವನು ನಾನು. ಮಾತಿಲ್ಲದಿದ್ದರೆ ಇನ್ನೂ ಹೆದರಿಕೆ ಎಂದು ಅಂದು ತಿಳಿಯಿತು.

ಹಳೇ ಸಾಮಾನಿನ ಅಂಗಡಿಯ ಮುಂದೆ ನಮ್ಮ ಸಂಸಾರವೇ ಹರಡಿಕೊಂಡಿತ್ತು. ದೀಪ, ಗಡಿಯಾರ, ಬಾಣಲೆ, ಗೋಡೆಗೆ ಒರಗಿದ ಬಾಗಿಲು. ನಡುವೆ ನಮ್ಮ ಮಿಷನ್ನು. ಅದರ ಮುಂದೆ ಒಬ್ಬ ಹೆಂಗಸು ಕುಳಿತು ಪೆಡಲು ತುಳಿಯುತ್ತಿದ್ದರು. ತಿರುಗಿ ನೋಡಿದರೆ ನಮ್ಮ ಜರ್ಮನ್ ಮೇಡಂ!

"ಕೆಂಪು ಚೀಟಿ ಇದ್ದದ್ದನ್ನೇ ತಂದಿದ್ದೀನಿ ಅಮ್ಮಾ, ನೀವೇ ಹೇಳಿದ್ರಲ್ಲ" ಎಂದ ಅಂಗಡಿಯವನು. "ಉಳಿದದ್ದನ್ನ ವಾಪಸ್ಸು ಹಾಕಿಸ್ತೀನಿ. ಮಿಷನ್ನು ಮಾತ್ರ ಇವರಿಗೆ ಕೊಟ್ಟಾಯ್ತು."

ನಾನು ತೊದಲುತ್ತ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಎದ್ದು ದೀಪದ ಚೀಟಿ ನೋಡಿದರು. ಬಾಣಲೆಯದು ನೋಡಿದರು. ಬಾಗಿಲ ಹಿಂದೆ ಹೋಗಿ ನೋಡಿ ಬಂದರು. ಅವರ ಮುಖ ಅರಳಿತು. "ಒಂದೂ ತಪ್ಪಿಲ್ಲವಲ್ಲ! ಇಡೀ ತರಗತೀಲಿ ಹೀಗೆ ಯಾರೂ ಲಿಂಗ ಗುರುತಿಸಿಲ್ಲ" ಎಂದರು. ನನ್ನ ಎದೆ ಒಂದು ಕ್ಷಣ ಉಬ್ಬಿತು. ಹೆಂಡತಿ ನನ್ನ ಕಡೆ ನೋಡಿದಳು. ಇಳಿಯಿತು.

"ಮೇಡಂ, ಮಿಷನ್ನು ವಾಪಸ್ಸು..." ಎಂದೆ.

"ಅದು ಮಾತ್ರ ಕೇಳಬೇಡಿ. ಚಿಕ್ಕಂದಿನಿಂದ ಒಂದು ಮಿಷನ್ನು ಬೇಕು ಅಂತ ಆಸೆ. ಇದಕ್ಕೋಸ್ಕರ ಇವತ್ತು ರಜೆ ಹಾಕಿ ಅಂಗಡಿ ಅಂಗಡಿ ತಿರುಗಿದ್ದೀನಿ" ಎಂದು ಅವರು ಮತ್ತೆ ಕೂತು ತುಳಿದರು. ದಾರ ಪಟ್ಟನೆ ಹರಿಯಿತು. ಮತ್ತೆ ಪೋಣಿಸಿದರು, ಮತ್ತೆ ಹರಿಯಿತು.

ಹೆಂಡತಿ ಮೆಲ್ಲಗೆ ಅವರನ್ನು ಸರಿಸಿ ಕುಳಿತಳು. ಎಡಗೈಯಲ್ಲಿ ಚಕ್ರವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಟ್ಟಳು. ಮಿಷನ್ನು ಗುರ್ ಎಂದು ಹೊರಟಿತು.

"ಇದಕ್ಕೆ ವಯಸ್ಸಾಗಿದೆ ಮೇಡಂ. ಸ್ವಲ್ಪ ಹಟ ಜಾಸ್ತಿ. ನಿಮಗೆ ಹೊಲಿಯೋಕೆ ಬರುತ್ತಾ?"

"ಇಲ್ಲಮ್ಮ. ಕಲೀಬೇಕು ಅಂತಲೇ."

"ಹಾಗಾದ್ರೆ ಮಿಷನ್ನು ನಮ್ಮ ಮನೇಲಿರಲಿ, ನೀವು ಬನ್ನಿ. ನಾನು ಕಲಿಸ್ತೀನಿ. ಕೈ ಕೂತ ಮೇಲೆ ಹೊಸದು ಕೊಂಡುಕೊಳ್ಳಿ, ಆರಿಸೋಕೆ ನಾನೇ ಜೊತೆಗೆ ಬರ್ತೀನಿ."

ಮೇಡಂ ಅವಳ ಮುಖ ನೋಡಿದರು, ಮಿಷನ್ನು ನೋಡಿದರು, ಕೊನೆಗೆ ಆಗಲಿ ಎಂದು ತಲೆಯಾಡಿಸಿ ಅಂಗಡಿಯವನಿಂದ ಹಣ ವಾಪಸ್ಸು ತೆಗೆದುಕೊಂಡರು. ಬಾಗಿಲನ್ನು ನಾನೇ ಹೊತ್ತುಕೊಂಡು ಮನೆಗೆ ಬಂದೆ. ಕುರಿಗಳೆಲ್ಲ ಹೊತ್ತಿಗೆ ಸರಿಯಾಗಿ ರಂಗಕ್ಕೆ ಹೋದವು. ಗುಂಡಿ ಹಚ್ಚಿದವನು ನಾನು.

ಈಗ ಹೊಸ ಮನೆಯಲ್ಲಿ ಬೆಳಿಗ್ಗೆ ಮೇಡಂ ನಮ್ಮವಳ ಹತ್ತಿರ ಹೊಲಿಗೆ ಕಲಿಯುತ್ತಾರೆ, ಸಂಜೆ ನಾನು ಅವರ ಹತ್ತಿರ ಜರ್ಮನ್ ಕಲಿಯುತ್ತೇನೆ. ಬಣ್ಣದ ಚೀಟಿ ಕೈಗೆ ಸಿಗದ ಮೇಲೆ ನನ್ನ ಹಾಳೆಗಳು ಮೊದಲಿನ ಸ್ಥಿತಿಗೆ ಮರಳಿವೆ. ಮೊನ್ನೆ ಮೇಡಂ ಒಂದು ದಿಂಬಿನ ಚೀಲ ಹೊಲಿಯುತ್ತಿದ್ದರು. ಹೊಲಿಗೆ ಹಾವಿನ ಹಾಗೆ ಹರಿದಾಡಿತ್ತು. ಅದನ್ನು ಎತ್ತಿ ಹಿಡಿದು, ಅಲ್ಲೇ ಓದುತ್ತ ಕುಳಿತಿದ್ದ ನನ್ನ ಕಡೆ ಬೆರಳು ತೋರಿಸಿ, "ಏನಮ್ಮಾ, ನನ್ನ ಹೊಲಿಗೆ ನಿಮ್ಮ ಯಜಮಾನರ ಜರ್ಮನ್ ಥರಾನೇ ಆಯ್ತಲ್ಲ" ಎಂದು ನೊಂದುಕೊಂಡರು.

ನನ್ನ ಹೆಂಡತಿ ಕತ್ತರಿ ಕೈಗೆತ್ತಿಕೊಂಡು, ತುಂಬ ಪ್ರೀತಿಯಿಂದ ಹೇಳಿದಳು: "ಛೆ ಛೆ, ಹಾಗನ್ನಬೇಡಿ ಮೇಡಂ. ನಿಮ್ಮದನ್ನ ಬಿಚ್ಚಿ ಮತ್ತೆ ಹೊಲೀಬಹುದು."